ಪ್ಲಾಸ್ಟಿಕ್ ಗುಳಿಯಲ್ಲಿ ಪ್ರತಿಕಾಯದ ಭಂಗಿ

ಮಗುವಿಗೆ ಎರಡು ದಿನದಿಂದ ಬಿಡದ ಜ್ವರ. ಡೆಂಗೀ ಇರಬಹುದೇ ಎಂಬ ಅನುಮಾನದಿಂದ ವೈದ್ಯರು ರಕ್ತಪರೀಕ್ಷೆಗೆ ಬರೆದುಕೊಡುತ್ತಾರೆ. ಪ್ರಯೋಗಾಲಯದಲ್ಲಿ ರಕ್ತದ ಸೀರಮ್ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯೊಂದರ ಪುಟ್ಟ ಗುಳಿಗೆ ಬೀಳುತ್ತದೆ. ಕೆಲವು ಗಂಟೆಗಳಲ್ಲಿ ಗುಳಿಯಲ್ಲಿ ಬಣ್ಣ ಮೂಡಿದರೆ ವೈರಸ್ಸಿನ ಗುರುತು ಸಿಕ್ಕಿತೆಂದು ಅರ್ಥ. ಇದೇ ಎಲಿಸಾ ಪರೀಕ್ಷೆ. ಸ್ವೀಡನ್ನಿನ ಇವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ 1971ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು.

ತಟ್ಟೆಯಲ್ಲಿ ಸಾಮಾನ್ಯವಾಗಿ 96 ಗುಳಿಗಳು. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನದು. ಡೆಂಗೀಯ ಎನ್‌ಎಸ್-1 ಪರೀಕ್ಷೆಯಲ್ಲಿ ಗುಳಿಯ ಗೋಡೆಗೆ ಮೊದಲೇ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಪ್ರತಿಕಾಯದ ಆಕಾರ ಕವೆಗೋಲಿನಂತೆ. ಗಾತ್ರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಅದರ ಎರಡು ಕವಲುಗಳ ತುದಿಯೇ ವೈರಸ್ಸಿನ ಪ್ರೋಟೀನನ್ನು ಹಿಡಿಯುವ ಕೈ.

ಹಾಗಾದರೆ ಅದನ್ನು ಅಂಟಿಸುವ ಗೋಂದು ಯಾವುದು? ಗೋಂದೇ ಇಲ್ಲ! ಸಾರಿನ ಮೇಲಿನ ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿಕೊಳ್ಳುವಂತೆ, ನೀರನ್ನು ಒಲ್ಲದ ಪ್ಲಾಸ್ಟಿಕ್ಕೂ ಪ್ರೋಟೀನಿನ ನೀರೊಲ್ಲದ ಭಾಗಗಳೂ ಪರಸ್ಪರ ಅಂಟಿಕೊಳ್ಳುತ್ತವೆ. ತೊಡಕು ಇರುವುದು ಇಲ್ಲಿಯೇ. ಬುಡ ಕೆಳಗಾಗಿ ನಿಂತರೆ ಕೈಗಳು ಮುಕ್ತ. ತಲೆಕೆಳಗಾದರೆ ಕೈಗಳೇ ಗೋಡೆಗೆ ಅಂಟಿ ನಿರುಪಯೋಗಿ. ಕೆಲವು ಅಡ್ಡಬೀಳುತ್ತವೆ, ಕೆಲವು ಆಕಾರವನ್ನೇ ಕಳೆದುಕೊಳ್ಳುತ್ತವೆ. ಕೆಲಸ ಮಾಡುವ ಕೈಗಳು ತೀರಾ ಕಡಿಮೆಯಾದರೆ, ರೋಗವಿದ್ದರೂ ‘ಇಲ್ಲ’ ಎಂಬ ವರದಿ ಬರುವ ಅಪಾಯವಿದೆ.

ಈ ಭಂಗಿಗಳು ಸಾಧಾರಣ ಸೂಕ್ಷ್ಮದರ್ಶಕಕ್ಕೆ ನಿಲುಕುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಕಂಪ್ಯೂಟರಿನ ಮೊರೆಹೋಗುತ್ತಾರೆ. ಪ್ರತಿಕಾಯ, ಪ್ಲಾಸ್ಟಿಕ್, ಸುತ್ತಲಿನ ನೀರು, ಇವುಗಳ ಪ್ರತಿ ಪರಮಾಣುವಿನ ಸ್ಥಾನವನ್ನೂ ಕಂಪ್ಯೂಟರಿಗೆ ಊಡಿಸುತ್ತಾರೆ. ಪ್ರತಿಕಾಯ ಒಂದರಲ್ಲೇ ಸುಮಾರು 20 ಸಾವಿರ ಪರಮಾಣುಗಳು! ಒಂದೊಂದರ ಮೇಲಿನ ಬಲವನ್ನು ಲೆಕ್ಕಹಾಕಿ, ಹೈಸ್ಕೂಲಿನಲ್ಲಿ ಕಲಿಯುವ ನ್ಯೂಟನ್ನನ ಎರಡನೆಯ ನಿಯಮದಂತೆ ಅದು ಎತ್ತ ಸರಿಯುತ್ತದೆಂದು ಕಂಪ್ಯೂಟರ್ ಹೇಳುತ್ತದೆ. ಒಂದು ಹೆಜ್ಜೆಯ ಅವಧಿ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದೆರಡು ಭಾಗ ಮಾತ್ರ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವನ್ನು ತೋರಿಸಲು ಸುಮಾರು 50 ಕೋಟಿ ಹೆಜ್ಜೆಗಳು ಬೇಕು. ಇಷ್ಟು ದೀರ್ಘ ಲೆಕ್ಕವನ್ನು ಹಗುರಗೊಳಿಸಲು ಹಲವು ಪರಮಾಣುಗಳನ್ನು ಸೇರಿಸಿ ಒಂದೇ ಮಣಿಯಂತೆ ಎಣಿಸುವುದೂ ಉಂಟು.

ಪ್ರೋಟೀನೊಂದರ ಇಂಥ ಮೊದಲ ಅನುಕರಣೆ 1977ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದ ಮೂವರಲ್ಲಿ ಒಬ್ಬರಾದ ಮಾರ್ಟಿನ್ ಕಾರ್‌ಪ್ಲಸ್ 2013ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು.

ಮೇಲ್ಮೈಯ ವಿದ್ಯುದಾವೇಶ ಅಥವಾ ದ್ರಾವಣದ ಉಪ್ಪಿನ ಪ್ರಮಾಣ ಬದಲಾದರೆ ಪ್ರತಿಕಾಯದ ಭಂಗಿಯೂ ಬದಲಾಗಬಹುದೆಂದು ಅನುಕರಣೆಗಳು ತೋರಿಸಿವೆ. ಆದರೆ ಕಂಪ್ಯೂಟರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಊಡಿಸಿದ ಬಲಗಳ ಲೆಕ್ಕ ತಪ್ಪಿದರೆ ಉತ್ತರವೂ ತಪ್ಪು. ಕೊನೆಯ ತೀರ್ಪು ಪ್ರಯೋಗಾಲಯದ್ದೇ.

ಭೌತಶಾಸ್ತ್ರ ಬೇರೆ, ಜೀವಶಾಸ್ತ್ರ ಬೇರೆ, ಗಣಿತ ಬೇರೆ ಎಂದು ಪುಸ್ತಕಗಳನ್ನು ವಿಂಗಡಿಸಿಡುವ ವಿದ್ಯಾರ್ಥಿಗಳು ಈ ಗುಳಿಯೊಳಗೆ ಒಮ್ಮೆ ಇಣುಕಬೇಕು. ಜ್ವರದ ಮಗುವಿನ ವರದಿ ಸರಿಯಾಗಿ ಬರಲು ಅಲ್ಲಿ ಮೂರೂ ಒಟ್ಟಾಗಿ ದುಡಿಯುತ್ತಿವೆ.