ಬೆನ್ನಿನ ಹುಣ್ಣು: ಬಂದ ಮೇಲಲ್ಲ, ಬರುವ ಮೊದಲೇ ನೋಡಿ

ಬೆನ್ನುಮೂಳೆಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡವರು ಅಥವಾ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರು ನಿಮ್ಮ ಮನೆಯಲ್ಲಿದ್ದಾರೆಯೇ? ಹಾಗಿದ್ದರೆ ಅವರ ಬೆನ್ನನ್ನು ಇಂದು ನೋಡಿದ್ದೀರಾ?

ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಒಂದೇ ಕಡೆ ಭಾರ ಬಿದ್ದರೆ ಶರೀರವೇ ನಮ್ಮನ್ನು ಎಚ್ಚರಿಸುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಆ ಎಚ್ಚರಿಕೆ ಸಿಗುವುದಿಲ್ಲ. ಮೂಳೆ ಮತ್ತು ಹಾಸಿಗೆಯ ನಡುವೆ ಸಿಲುಕಿದ ಚರ್ಮಕ್ಕೆ ರಕ್ತ ಹರಿಯದೆ ಅದು ಸಾಯತೊಡಗುತ್ತದೆ. ಎಷ್ಟೋ ಸಲ ಮನೆಯವರಿಗೆ ತಿಳಿಯುವುದು ವಾಸನೆ ಬಂದಾಗಲೇ. ಅಷ್ಟರಲ್ಲಿ ಹುಣ್ಣು ಮೂಳೆಯವರೆಗೆ ಇಳಿದಿರಬಹುದು.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಗಾಯಾಳುಗಳ ವಿಭಾಗ ಆರಂಭಿಸಿದ ಡಾ. ಲುಡ್ವಿಗ್ ಗುಟ್‌ಮನ್, ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಕ್ರಮ ತಂದರು. ಬದುಕುವುದಿಲ್ಲವೆಂದು ಕೈಬಿಟ್ಟಿದ್ದ ಎಷ್ಟೋ ಸೈನಿಕರು ಮನೆಗೂ ಕೆಲಸಕ್ಕೂ ಮರಳಿದರು. ಇದನ್ನು ನಮ್ಮ ಮನೆಯಲ್ಲೂ ಮಾಡಬಹುದು.

ಮಗ್ಗುಲು ಬದಲಿಸುವಾಗ ಎಳೆಯಬೇಡಿ, ಎತ್ತಿ ಸರಿಸಿ. ಹಾಸಿಗೆಯ ಬಟ್ಟೆಯಲ್ಲಿ ಸುಕ್ಕು, ತೇವ ಇರದಿರಲಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಗಾಲಿಕುರ್ಚಿಯಲ್ಲಿ ಕೂರುವವರು ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮುಂದಕ್ಕೆ ಅಥವಾ ಪಕ್ಕಕ್ಕೆ ಬಾಗಿ ಭಾರ ಬದಲಿಸಲಿ. ನಡುವೆ ತೂತಿರುವ ಉಂಗುರದಂತಹ ದಿಂಬು ಬೇಡ, ಅದು ಸುತ್ತಲಿನ ರಕ್ತಸಂಚಾರಕ್ಕೆ ಅಡ್ಡಿಯಾಗುತ್ತದೆ. ವೈದ್ಯರು ಬೇಡವೆನ್ನದಿದ್ದರೆ ಊಟದಲ್ಲಿ ಮೊಟ್ಟೆ, ಮೀನು, ಬೇಳೆ ಇರಲಿ.

ಬೆನ್ನಿನ ಕೆಳತುದಿ, ಸೊಂಟದ ಪಕ್ಕ, ಕುಳಿತುಕೊಳ್ಳುವ ಜಾಗ ಮತ್ತು ಹಿಮ್ಮಡಿಯನ್ನು ದಿನವೂ ನೋಡಿ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಲೆಯೇ ಮೊದಲ ಸೂಚನೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೆ ಇರಬಹುದು, ಆದ್ದರಿಂದ ಬಿಸಿ ಅಥವಾ ಗಡಸುತನ ಇದೆಯೇ ಎಂದು ಮುಟ್ಟಿ ನೋಡಿ. ಕಲೆ ಕಂಡರೆ ಅಲ್ಲಿ ಉಜ್ಜಬೇಡಿ, ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತಿಳಿಸಿ. ಚರ್ಮ ಒಡೆದಿದ್ದರೆ ಅರಿಶಿನ, ಡೆಟ್ಟಾಲ್, ಬೂದಿ ಯಾವುದನ್ನೂ ಹಾಕಬೇಡಿ. ಜ್ವರ, ಕೀವು, ದುರ್ವಾಸನೆ ಅಥವಾ ಕಪ್ಪಾದ ಚರ್ಮ ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಚಿಕೆಯಿಂದ ಬಟ್ಟೆ ಸರಿಸಲು ಒಪ್ಪದವರಿದ್ದಾರೆ. ಅದನ್ನು ತಪ್ಪೆನ್ನಲಾಗದು. ಬಾಗಿಲು ಮುಚ್ಚಿ, ಹೆಣ್ಣನ್ನು ಹೆಣ್ಣೇ, ಗಂಡನ್ನು ಗಂಡೇ ನೋಡಲಿ. ಕೈ ಆಡುವವರು ಕನ್ನಡಿ ಹಿಡಿದು ತಾವೇ ನೋಡಿಕೊಳ್ಳಬಹುದು.

ಕೊನೆಯದಾಗಿ ಒಂದು ಮಾತು. ಎರಡು ಗಂಟೆಗೊಮ್ಮೆ ಏಳುವ ಭಾರವನ್ನು ಸೊಸೆಯೊಬ್ಬಳ ಮೇಲೆಯೇ ಹಾಕಬೇಡಿ. ರಾತ್ರಿಯ ಸರದಿಯಲ್ಲಿ ಗಂಡಸರೂ ಇರಲಿ. ಅವಳು ದಣಿದು ಮಲಗಿದ ರಾತ್ರಿಯೇ ಹುಣ್ಣು ಹುಟ್ಟಬಹುದು.