ಬಾಡಿಗೆ ಮನೆಯ ಬಾಗಿಲೂ ಪಕ್ಷದ ಬಾವುಟವೂ

ಬಾಡಿಗೆಗೆ ಇರುವವನು ತನ್ನ ಬಾಗಿಲಿಗೆ ತನ್ನ ಪಕ್ಷದ ಬಾವುಟವನ್ನು ಕಟ್ಟಬಹುದೆ, ಅಥವಾ ಅದಕ್ಕೆ ಮನೆಯೊಡೆಯನ ಅಪ್ಪಣೆ ಬೇಕೆ? ಚುನಾವಣೆಯ ಕಾಲದಲ್ಲಿ ಏಳತಕ್ಕ ಈ ಪ್ರಶ್ನೆಯು ಮೇಲ್ನೋಟಕ್ಕೆ ಅಲ್ಪವಾಗಿ ತೋರಬಹುದು. ಯಾದಗಿರಿ, ಶಹಾಪುರ, ಸುರಪುರಗಳ ಮಹಾಜನರಿಗಾದರೂ ಅದು ಹಾಗೆ ತೋರಕೂಡದು.

ಈ ಮೂರು ಊರುಗಳೂ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. 1947ನೆಯ ಆಗಸ್ಟ್ 15ರಂದು ದೇಶದ ಉಳಿದೆಡೆಗಳಲ್ಲಿ ತ್ರಿವರ್ಣ ಧ್ವಜವು ಹಾರಾಡುತ್ತಿದ್ದಾಗ ಇಲ್ಲಿ ಅದನ್ನು ಏರಿಸಲು ನಿಷೇಧವಿತ್ತು. ಸ್ಟೇಟ್ ಕಾಂಗ್ರೆಸ್ಸಿನ ಮುಖಂಡರಾದ ಸ್ವಾಮಿ ರಮಾನಂದ ತೀರ್ಥರು ಅಂದೇ ಬಂಧಿತರಾದರು. 1948ನೆಯ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆಯೇ ಆ ಬಂಧನವು ಕಳಚಿತು. ಆಳರಸನ ಅಪ್ಪಣೆಯು ಹೋಗಿ ಅದರ ಸ್ಥಾನದಲ್ಲಿ ಮನೆಯೊಡೆಯನ ಅಪ್ಪಣೆಯು ಬಂದು ಕುಳಿತರೆ ಬಡವನ ಪಾಲಿಗೆ ಸ್ವಾತಂತ್ರ್ಯವು ಅರ್ಧವೇ ಸರಿ.

ಕಾನೂನನ್ನು ನೋಡೋಣ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆಯನ್ನು ಸಲ್ಲಿಸುವವನು ಅಡ್ಡಿಯಿಲ್ಲದೆ ಸ್ವತ್ತನ್ನು ಅನುಭವಿಸತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ವಿಧಿಸುತ್ತದೆ. ಒಡೆಯನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡವನ್ನು ಕಟ್ಟಕೂಡದೆಂದೂ ಅದೇ ಕಲಮು ಹೇಳುತ್ತದೆ. ದಾರದಿಂದ ಕಟ್ಟಿದ ಬಾವುಟವು ಕಟ್ಟಡವೂ ಅಲ್ಲ, ಗೋಡೆಗೆ ಕೇಡೂ ಅಲ್ಲ. ಬಣ್ಣದಿಂದ ಗೋಡೆಯ ಮೇಲೆ ಬರೆಯುವುದಾದರೋ ಬೇರೆಯೇ ಮಾತು. ಯಾವ ವ್ಯಕ್ತಿಯ ಕಟ್ಟಡವನ್ನೂ ಅವನ ಅನುಮತಿಯಿಲ್ಲದೆ ಬಾವುಟ, ಭಿತ್ತಿಪತ್ರಗಳಿಗೆ ಬಳಸಕೂಡದೆಂದು ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯು ಪಕ್ಷಗಳಿಗೆ ವಿಧಿಸಿದೆ. ಆ ವ್ಯಕ್ತಿಯು ಒಡೆಯನೋ, ಅಲ್ಲಿ ವಾಸಿಸುವವನೋ ಎಂಬುದನ್ನು ಆ ಮಾತು ಬಿಡಿಸಿ ಹೇಳುವುದಿಲ್ಲ.

ರಾಷ್ಟ್ರಧ್ವಜವನ್ನು ಗೌರವದಿಂದ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ತೀರ್ಪಿತ್ತಿತು. ಆದರೆ ಆ ಸ್ವಾತಂತ್ರ್ಯವು ಮುಖ್ಯವಾಗಿ ಸರ್ಕಾರದ ಎದುರಿನ ರಕ್ಷಣೆ. ಮನೆಯೊಡೆಯನನ್ನು ಅದು ನೇರವಾಗಿ ಕಟ್ಟಿಹಾಕದು. ಬಾಡಿಗೆ ಕಾಯಿದೆಯ ಆಸರೆಯಿಲ್ಲದೆಡೆ ತಿಂಗಳ ಬಾಡಿಗೆಯವನನ್ನು 15 ದಿನಗಳ ನೋಟೀಸಿನಿಂದ ಬಿಡಿಸಬಹುದು. ಹೀಗಿರಲು ಬಾವುಟ ಕಟ್ಟುವ ಧೈರ್ಯ ಯಾರಿಗುಂಟು?

ಮನೆಯೊಡೆಯನ ಅಂಜಿಕೆಯನ್ನೂ ನಾವು ಅಲ್ಲಗಳೆಯೆವು. ಯಾದಗಿರಿಯು 2009ರ ಡಿಸೆಂಬರಿನಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು; ಜಿಲ್ಲಾ ಕೇಂದ್ರವೆಂದ ಮೇಲೆ ನೌಕರರೂ ಬಾಡಿಗೆದಾರರೂ ಇರತಕ್ಕವರೇ. ಕೇಂದ್ರ ಸರ್ಕಾರದ 1964ರ ನಡತೆಯ ನಿಯಮಗಳು ನೌಕರನು ತನ್ನ ನಿವಾಸದಲ್ಲಿ ಚುನಾವಣಾ ಚಿಹ್ನೆಯನ್ನು ಪ್ರದರ್ಶಿಸುವುದನ್ನು ಪ್ರಭಾವ ಬೀರಿದಂತೆಯೇ ಎಣಿಸುತ್ತವೆ. ಮನೆಯೊಡೆಯನು ನೌಕರನಾಗಿದ್ದರೆ ಅಳುಕುವುದು ಸಹಜ. ಆದರೆ ಬಾಡಿಗೆಗೆ ಕೊಟ್ಟ ಮನೆಯು ಬಾಡಿಗೆದಾರನ ನಿವಾಸವೇ ಹೊರತು ಒಡೆಯನದಲ್ಲ; ಅಲ್ಲಿಯ ಬಾವುಟವು ಬಾಡಿಗೆದಾರನ ಅಭಿಪ್ರಾಯವನ್ನೇ ಸಾರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತವು 2011ರಲ್ಲಿ ಈ ತೊಡಕನ್ನು ಶಾಸನದಿಂದಲೇ ಬಿಡಿಸಿತು. 6 ಚದರ ಅಡಿಗಳನ್ನು ಮೀರದ ಚುನಾವಣಾ ಫಲಕವನ್ನು ಬಾಡಿಗೆದಾರನು ತನ್ನ ಬಾಗಿಲು ಕಿಟಕಿಗಳಲ್ಲಿ ಇರಿಸುವುದನ್ನು ಒಡೆಯನು ಸಾಮಾನ್ಯವಾಗಿ ತಡೆಯುವಂತಿಲ್ಲ. ಕಾಲಮಿತಿಯೂ ಅಲ್ಲಿ ಉಂಟು.

ನಮ್ಮಲ್ಲಿಯೂ ಅಂತಹ ಸ್ಪಷ್ಟ ವಿಧಿಯು ಬರತಕ್ಕದ್ದು. ಗುರುತುಳಿಯದಂತೆ ತೆಗೆಯಬಹುದಾದ ಚಿಹ್ನೆಗೆ ವಾಸಿಸುವವನ ಇಚ್ಛೆಯೇ ಸಾಕು; ಬಣ್ಣಕ್ಕೂ ಅಂಟಿಗೂ ಒಡೆಯನ ಒಪ್ಪಿಗೆ ಬೇಕು; ಮತದಾನವು ಮುಗಿದೊಡನೆ ಎಲ್ಲವೂ ಇಳಿಯತಕ್ಕದ್ದು. ಅಲ್ಲಿಯವರೆಗೆ ಇಷ್ಟನ್ನು ಬಾಡಿಗೆ ಕರಾರಿನಲ್ಲಿಯೇ ಬರೆದುಕೊಳ್ಳಿರೆಂದು ಉಭಯ ಪಕ್ಷದವರಲ್ಲಿಯೂ ನಾವು ಬಿನ್ನವಿಸುತ್ತೇವೆ. ಮನೆಯೊಡೆಯನು ಬಾಡಿಗೆಗೆ ಕೊಡುವುದು ಗೋಡೆ ಸೂರುಗಳನ್ನು. ಅವನು ಪಡೆಯುವುದು ಹಣವನ್ನು. ಬಾಡಿಗೆದಾರನ ಅಭಿಪ್ರಾಯವು ಆ ವ್ಯವಹಾರದಲ್ಲಿ ಸೇರಿಲ್ಲ.