ಊರಲ್ಲಿದ್ದರೆ ಭಾಷೆ ತಾನಾಗಿಯೇ ಬರುತ್ತದೆಯೇ?

‘ಪುಸ್ತಕ ಹಿಡಿದು ಕೂತರೆ ಭಾಷೆ ಬರುವುದಿಲ್ಲ. ಆ ಊರಿಗೆ ಹೋಗಿ ಆರು ತಿಂಗಳು ಇರಿ, ತಾನಾಗಿಯೇ ಬರುತ್ತದೆ.’ ಸ್ಪ್ಯಾನಿಶ್ ಕಲಿಯಲು ಮೆಕ್ಸಿಕೊಗೆ ಹೊರಟವರಿಗೂ, ಕೆಲಸಕ್ಕೆಂದು ಬೆಂಗಳೂರಿಗೆ ಬಂದವರಿಗೂ ಸಿಗುವ ಸಲಹೆ ಇದು. ಇದರಲ್ಲಿ ನಿಜವೆಷ್ಟು? ತಿಳಿಯಲು ನಾವು ದೂರ ಹೋಗಬೇಕಿಲ್ಲ, ಕೊಡಗಿನವರೆಗೆ ಹೋದರೆ ಸಾಕು.

ಇದ್ದೂ ಕಲಿಯದವರು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ವರ್ಷಗಟ್ಟಲೆ ನೆಲೆಸಿಯೂ ಕೊಡವ ತಕ್ಕ್‌ನಲ್ಲಿ ನಾಲ್ಕು ಮಾತು ಆಡಲಾಗದವರು ಸಿಗುತ್ತಾರೆ. ಅವರು ಸೋಮಾರಿಗಳೆಂದಲ್ಲ. ಕೊಡಗಿನ ಒಂದೇ ಸಂತೆಯಲ್ಲಿ ಕನ್ನಡ, ಕೊಡವ, ಅರೆಭಾಷೆ, ತುಳು, ಮಲಯಾಳಂ, ಯರವ ಭಾಷೆಗಳೆಲ್ಲ ಕಿವಿಗೆ ಬೀಳುತ್ತವೆ. ಎದುರಿಗಿರುವವರಿಗೆ ಕೊಡವ ಬಾರದು ಎಂದು ತಿಳಿದ ಕೂಡಲೇ ಮನೆಯವರು ಕನ್ನಡಕ್ಕೆ ಹೊರಳುತ್ತಾರೆ. ನೆಂಟರಿಗೆ ತೋರುವ ಮರ್ಯಾದೆ ಅದು. ಆದರೆ ಕಲಿಯುವವರಿಗೆ ಅಲ್ಲಿಗೆ ಪಾಠ ಮುಗಿಯುತ್ತದೆ.

ಸಂಶೋಧನೆ ಹೇಳುವುದೇನು?

ಭಾಷಾ ಕಲಿಕೆಗೆ ಮೊದಲು ಬೇಕಾದದ್ದು ಅರ್ಥವಾಗುವ ಮಾತು ಎಂದು ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ ವಾದಿಸಿದರು. ಅರ್ಥವಾಗದ ಮಾತು ಎಷ್ಟು ಗಂಟೆ ಕಿವಿಗೆ ಬಿದ್ದರೂ ಅದು ಬರೀ ಸದ್ದು.

ಕೇಳಿ ಅರ್ಥ ಮಾಡಿಕೊಂಡರೆ ಸಾಕೇ? ಕೆನಡಾದಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್‌ನಲ್ಲೇ ಪಾಠ ಹೇಳುವ ಶಾಲೆಗಳು ಶುರುವಾದವು. ವರ್ಷಗಳ ಬಳಿಕವೂ ಆ ಮಕ್ಕಳಿಗೆ ಫ್ರೆಂಚ್ ಚೆನ್ನಾಗಿ ಅರ್ಥವಾಗುತ್ತಿತ್ತು, ಮಾತಾಡುವಾಗ ಮಾತ್ರ ತಪ್ಪುಗಳು ಉಳಿದಿದ್ದವು. ಇದನ್ನು ಗಮನಿಸಿದ ಮೆರಿಲ್ ಸ್ವೇನ್, ಕಲಿಯುವವರು ತಾವೇ ವಾಕ್ಯ ಕಟ್ಟಿ ಆಡಲೇಬೇಕು ಎಂದು 1985ರಲ್ಲಿ ಬರೆದರು. ಮಾತು ಅರ್ಥವಾಗುವುದು ಬೇರೆ, ನಾಲಗೆಗೆ ಬರುವುದು ಬೇರೆ.

ಇನ್ನೊಂದು ಉದಾಹರಣೆ ಹವಾಯಿಯದು. ಅಲ್ಲಿ ನೆಲೆಸಿದ ಜಪಾನಿನ ಕಲಾವಿದರೊಬ್ಬರ ಇಂಗ್ಲಿಷನ್ನು ರಿಚರ್ಡ್ ಶ್ಮಿಟ್ ಮೂರು ವರ್ಷ ಗಮನಿಸಿ 1983ರಲ್ಲಿ ಪ್ರಕಟಿಸಿದರು. ಅವರು ಸಲೀಸಾಗಿ ಹರಟುವಷ್ಟು ಪಳಗಿದ್ದರು. ಆದರೆ ಭೂತಕಾಲದ ಪ್ರತ್ಯಯದಂಥ ವ್ಯಾಕರಣದ ಅಂಶಗಳು ಹೆಚ್ಚೇನೂ ಸುಧಾರಿಸಿರಲಿಲ್ಲ. ಕೆಲಸ ನಡೆಯುತ್ತಿದ್ದರೆ ತಪ್ಪು ನಮ್ಮ ಗಮನಕ್ಕೇ ಬರುವುದಿಲ್ಲ.

ಹತ್ತಿರದ ಭಾಷೆಯ ಮೋಸ

ಕನ್ನಡಿಗರಿಗೆ ಕೊಡವ ತಕ್ಕ್ ಸುಲಭವಲ್ಲವೇ ಎಂದು ನೀವು ಕೇಳಬಹುದು. ಒಂದು ಮಟ್ಟಿಗೆ ಹೌದು. ಎರಡೂ ದ್ರಾವಿಡ ಭಾಷೆಗಳು. ಕನ್ನಡದಲ್ಲಿ ‘ಹ’ ಆದ ಹಳೆಯ ‘ಪ’ ಅಲ್ಲಿ ಹಾಗೆಯೇ ಉಳಿದಿದೆ: ಹಂದಿ ಅಲ್ಲಿ ‘ಪಂದಿ’. ಆದರೆ ಕೊಡವರು ‘ನರಿ’ ಎಂದರೆ ಅದು ಹುಲಿ! ಹುಲಿ ಕೊಂದ ವೀರನನ್ನು ಗೌರವಿಸಲು ಹಿಂದೆ ಮಾಡುತ್ತಿದ್ದ ‘ನರಿಮಂಗಲ’ ಎಂಬ ಆಚರಣೆಯ ಹೆಸರಿನಲ್ಲಿರುವುದೂ ಇದೇ ನರಿ.

ಬರೆದದ್ದನ್ನು ಓದಿ ಕಲಿಯುವುದಕ್ಕೂ ಮಿತಿಯಿದೆ. ಕೊಡವವನ್ನು ಸಾಮಾನ್ಯವಾಗಿ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಆದರೆ ತುಟಿ ದುಂಡಗಾಗಿಸದೆ, ನಾಲಗೆಯನ್ನು ನಡುವಿಗೆ ತಂದು ಉಚ್ಚರಿಸುವ ಕೆಲವು ಸ್ವರಗಳು ಕೊಡವದಲ್ಲಿವೆ. ಭಾಷಾವಿಜ್ಞಾನಿ ಎಂ. ಬಿ. ಎಮಿನೋ ಇವುಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ಇವಕ್ಕೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರಗಳಿಲ್ಲ. ಹಾಗಾಗಿ ಅವನ್ನು ಕಿವಿಯಿಂದಲೇ ಕಲಿಯಬೇಕು.

ಹಬ್ಬ ಏನು ಕೊಡುತ್ತದೆ?

ಸಂಸ್ಕೃತಿಯ ಒಳಗಿದ್ದು ಕಲಿಯುವುದರ ಲಾಭ ಕಾಣುವುದು ಪುತ್ತರಿಯಂಥ ಹಬ್ಬದಲ್ಲಿ. ಪುತ್ತರಿ ಎಂದರೆ ಹೊಸ ಅಕ್ಕಿ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಆ ರಾತ್ರಿ ಒಕ್ಕದವರೆಲ್ಲ, ಎಂದರೆ ಒಂದೇ ಮನೆತನದವರು, ತಮ್ಮ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುತ್ತಾರೆ. ಗದ್ದೆಗೆ ಹೋಗಿ ಕದಿರು ಕೊಯ್ಯುತ್ತಾರೆ, ಗುಂಡು ಹಾರಿಸುತ್ತಾರೆ, ಸಮೃದ್ಧಿ ಹೆಚ್ಚಲಿ ಎಂದು ‘ಪೊಲಿ’ ಕೂಗುತ್ತಾರೆ. ಮುಂದೆ ಊರ ಮಂದ್‌ನಲ್ಲಿ, ಅಂದರೆ ಊರವರು ಸೇರುವ ಬಯಲಿನಲ್ಲಿ, ಕೋಲಾಟ ನಡೆಯುತ್ತದೆ.

ಇಲ್ಲಿ ಒಂದು ಪದವನ್ನು ಕೇಳುತ್ತೇವೆ, ಅದರ ವಸ್ತುವನ್ನು ಕಾಣುತ್ತೇವೆ, ಕೈಯಲ್ಲಿ ಹಿಡಿಯುತ್ತೇವೆ, ಎಲ್ಲರ ಜೊತೆ ಕೂಗುತ್ತೇವೆ. ಸಂದರ್ಭವೇ ಅರ್ಥ ಹೇಳುವುದರಿಂದ ನಿಘಂಟು ಬೇಕಾಗುವುದಿಲ್ಲ. ಆದರೆ ಹಬ್ಬದಿಂದ ಸಿಗುವುದು ಹೆಚ್ಚಾಗಿ ಹೆಸರುಗಳು. ‘ನಾಳೆ ಬರುತ್ತೇನೆ’, ‘ನಿನ್ನೆ ಬಂದಿದ್ದರೆ’ ಎಂಬಂಥ ಕ್ರಿಯಾರೂಪಗಳು ಸಿಗಬೇಕಾದರೆ ಅಡುಗೆಮನೆ, ಅಂಗಡಿ, ಕಾಫಿ ತೋಟದ ದಿನನಿತ್ಯದ ಮಾತೇ ಬೇಕು.

ಹಾಗಾದರೆ ಏನು ಮಾಡಬೇಕು?

ಮೊದಲಿಗೆ, ‘ನನ್ನ ಜೊತೆ ಕನ್ನಡಕ್ಕೆ ಹೊರಳಬೇಡಿ, ತಪ್ಪಾದರೆ ತಿದ್ದಿ’ ಎಂದು ಮನೆಯವರನ್ನು ಕೇಳಿಕೊಳ್ಳಿ. ದಿನಕ್ಕೆ ಅರ್ಧ ಗಂಟೆಯಾದರೂ ನೀವೇ ಮಾತಾಡಿ. ಕೇಳಿದ ಒಂದು ವಾಕ್ಯರೂಪವನ್ನು ರಾತ್ರಿ ಬರೆದಿಟ್ಟು ಮರುದಿನ ಬಳಸಿ. ವಯಸ್ಸಾಯಿತೆಂದು ಹಿಂಜರಿಯಬೇಡಿ. ಸುಮಾರು 6.7 ಲಕ್ಷ ಜನರ ಇಂಗ್ಲಿಷ್ ವ್ಯಾಕರಣ ಪರೀಕ್ಷಿಸಿದ 2018ರ ಅಧ್ಯಯನವೊಂದರ ಪ್ರಕಾರ, ವ್ಯಾಕರಣ ಕಲಿಯುವ ಶಕ್ತಿ 17ರ ಆಸುಪಾಸಿನವರೆಗೂ ಚುರುಕಾಗಿಯೇ ಇರುತ್ತದೆ. ಬಳಿಕ ಅದು ಕುಗ್ಗಿದರೂ ಬಾಗಿಲೇನೂ ಮುಚ್ಚುವುದಿಲ್ಲ.

ಈ ಮಾತು ಹೊರಗಿನಿಂದ ಬಂದವರಿಗಷ್ಟೇ ಅಲ್ಲ. 2001ರ ಜನಗಣತಿಯಲ್ಲಿ ಕೊಡವವನ್ನು ತಾಯ್ನುಡಿ ಎಂದು ಬರೆಸಿದವರು 1,66,187 ಮಂದಿ; 2011ರಲ್ಲಿ 1,13,857. ಯುನೆಸ್ಕೊ ಇದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಜ್ಜಿ ಕೊಡವದಲ್ಲಿ ಕೇಳಿ, ಮೊಮ್ಮಗು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವ ಮನೆ ನಮಗೆಲ್ಲ ಗೊತ್ತು. ಕೆನಡಾದ ಶಾಲೆಯ ಮಕ್ಕಳ ಹಾಗೆ ಆ ಮಗುವಿಗೂ ಕೇಳಿದ್ದು ಅರ್ಥವಾಗುತ್ತದೆ, ಆಡಲು ನಾಲಗೆ ತಿರುಗುವುದಿಲ್ಲ. ನಾಳೆ ಅದು ತನ್ನ ಮಕ್ಕಳಿಗೆ ಯಾವ ಭಾಷೆ ಕೊಟ್ಟೀತು?

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಭಾಷೆ ಕಲಿಯಲು ಎರಡೂ ಬೇಕು. ಅದರ ಜೊತೆಗೆ, ತಪ್ಪಾದರೂ ಸರಿ, ಬಾಯಿ ಬಿಟ್ಟು ಮಾತಾಡಬೇಕು.